ಜ್ವಾಲಾಮುಖಮ್ಮನಿಗೆ ಮಡಿಲಕ್ಕಿ

ಕೊರೋನಾ ಕಳೆದು ವಿಮಾನಗಳು ಮತ್ತೆ ಮೊದಲಿನಂತೆ ಹಾರತೊಡಗಿದ ಎರಡನೇ ವರ್ಷ. ನಾನಾಗ ದೇವನಹಳ್ಳಿಯ ಒಂದು ಸಣ್ಣ ಪ್ರವಾಸ ಸಂಸ್ಥೆಯಲ್ಲಿ ಹಿರಿಯ ಟೂರ್ ಮ್ಯಾನೇಜರ್. ಹೆಸರು ಕೇಳಿ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಕೈಯಲ್ಲಿ ಬಾವುಟ, ಹೆಗಲ ಚೀಲದಲ್ಲಿ ಎಲ್ಲರ ಪಾಸ್‌ಪೋರ್ಟು, ಕಿವಿಯಲ್ಲಿ ಎಲ್ಲರ ದೂರು, ಇಷ್ಟೇ ನನ್ನ ಅಧಿಕಾರ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಗಾದೆ ನಮ್ಮ ವೃತ್ತಿಯವರನ್ನು ನೋಡಿಯೇ ಹುಟ್ಟಿರಬೇಕು.

ಆಷಾಢದಲ್ಲಿ ಮದುವೆಗಳಿರುವುದಿಲ್ಲವಾದ್ದರಿಂದ ನಮ್ಮ ಪಕ್ಕದೂರು ವಿಜಯಪುರದ ರೇಷ್ಮೆ ವ್ಯಾಪಾರ ಸ್ವಲ್ಪ ತಣ್ಣಗಾಗುತ್ತದೆ. ಆ ಬಿಡುವಿಗೆ ಹೊಂದುವಂತೆ ಇಂಡೋನೇಷ್ಯಾ ಪ್ರವಾಸವೊಂದನ್ನು ಹೊರಡಿಸಿದೆವು. ಮೊದಲು ಬಾಲಿ, ಆಮೇಲೆ ಜಾವಾ ದ್ವೀಪದ ಬ್ರೋಮೋ ಅನ್ನುವ ಬೆಟ್ಟ. ಅದು ಇನ್ನೂ ಹೊಗೆಯಾಡುತ್ತಿರುವ, ಜೀವಂತ ಜ್ವಾಲಾಮುಖಿ. ಅದರ ಪಕ್ಕದ ಹಳ್ಳಿಯಲ್ಲಿ ಒಂದು ರಾತ್ರಿ ತಂಗಿ, ಬೆಳಗಿನ ಜಾವ ಎದ್ದು ಎದುರು ಗುಡ್ಡದಿಂದ ಸೂರ್ಯೋದಯ ನೋಡುವುದು ಕಾರ್ಯಕ್ರಮ. ವಿಜಯಪುರ ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಹಾಕಿಸಿದೆವು: ‘ಜ್ವಾಲಾಮುಖಿ ದರ್ಶನ, ಸೂರ್ಯೋದಯ ವೀಕ್ಷಣೆ, ಊಟ ವಸತಿ ಸಮೇತ.’ ದರ್ಶನ ಅನ್ನುವ ಮಾತಿಲ್ಲದಿದ್ದರೆ ನಮ್ಮ ಕಡೆಯ ಜನ ಫ್ಲೆಕ್ಸಿನತ್ತ ತಿರುಗಿಯೂ ನೋಡುವುದಿಲ್ಲ. ಹದಿನೆಂಟು ಮಂದಿ ಹೆಸರು ಕೊಟ್ಟರು.

ಅವರಲ್ಲೊಬ್ಬರು ನರಸಮ್ಮ. ಅರವತ್ತೈದು ದಾಟಿದವರು. ವಿಜಯಪುರದಲ್ಲಿ ಅವರ ಮನೆಯವರದ್ದು ಗೂಡಿನಿಂದ ನೂಲು ಬಿಚ್ಚುವ ಘಟಕವಿತ್ತು. ಇನ್ನೊಬ್ಬರು ಅವರ ನೂಲನ್ನು ಮೂವತ್ತು ವರ್ಷದಿಂದ ಕೊಳ್ಳುತ್ತಿದ್ದ ವ್ಯಾಪಾರಿ ನಯಾಜ್ ಸಾಬರು. ಅವರು ನರಸಮ್ಮನವರನ್ನು ‘ಅಕ್ಕಾ’ ಅನ್ನುತ್ತಿದ್ದರು, ಬಾಯಿ ತುಂಬ ಛೇಡಿಸುತ್ತಿದ್ದರು. ಬಾಲಿಯಲ್ಲಿ ನರಸಮ್ಮ ಒಂದು ಗುಡಿಯನ್ನೂ ಬಿಡದೆ ಕೈಮುಗಿದರು. ಒಂದು ಬಟ್ಟೆಯ ಚೀಲವನ್ನು ಮಾತ್ರ ಸದಾ ಎದೆಗವಚಿಕೊಂಡೇ ಇದ್ದರು. ಅದರಲ್ಲೇನಿದೆ ಎಂದು ನಾನು ಕೇಳಲಿಲ್ಲ. ಹೆಂಗಸರ ಚೀಲ ಕೆದಕುವ ಕೆಲಸ ಕಸ್ಟಮ್ಸ್‌ನವರದು, ನನ್ನದಲ್ಲ.

ಸುರಬಾಯ ಊರಿನಿಂದ ವ್ಯಾನು ಹತ್ತಿ ಸಂಜೆಯ ಹೊತ್ತಿಗೆ ಬೆಟ್ಟದ ಹಳ್ಳಿ ಸೇರಿದೆವು. ಸುತ್ತ ಕೋಸು, ಆಲೂಗಡ್ಡೆ, ಈರುಳ್ಳಿ ಹೊಲಗಳು. ಹೋಟೆಲು ಅಂದರೆ ತಗಡಿನ ಸೂರಿನ ಉದ್ದನೆಯ ಮನೆ. ಕೋಣೆಗೊಂದು ಮಂಚ, ಎರಡು ದಪ್ಪ ಹೊದಿಕೆ, ಬಿಸಿನೀರು ಬೇಕೆಂದರೆ ಅಡುಗೆಮನೆಯಿಂದ ಬಕೆಟ್ಟಿನಲ್ಲಿ. ಜ್ವಾಲಾಮುಖಿಯ ಹತ್ತಿರದ ಹೋಟೆಲನ್ನು ನಾವು ಸೌಕರ್ಯ ನೋಡಿ ಆರಿಸುವುದಿಲ್ಲ, ದೂರ ನೋಡಿ ಆರಿಸುತ್ತೇವೆ. ಹತ್ತಿರವಿದ್ದಷ್ಟೂ ಬೆಳಗಿನ ನಿದ್ದೆ ಉಳಿಯುತ್ತದೆ. ಇದನ್ನು ಹದಿನೆಂಟು ಜನಕ್ಕೂ ಬೇರೆಬೇರೆಯಾಗಿ ವಿವರಿಸಿ ನನ್ನ ಗಂಟಲು ಕಟ್ಟಿತು.

“ಮೇಡಂ, ಇದು ಹೋಟ್ಲಾ, ಐಸ್ ಫ್ಯಾಕ್ಟರಿನಾ?” ಎಂದರು ನಯಾಜ್ ಸಾಬರು, ಶಾಲಿನೊಳಗಿಂದ ಮೂಗು ಮಾತ್ರ ಹೊರಗಿಟ್ಟು.

“ಬೆಂಕಿ ಬೆಟ್ಟದ ಪಕ್ಕದಲ್ಲೇ ಇದೀರಲ್ಲ ಸಾಬ್ರೆ, ಚಳಿ ಆದ್ರೆ ಅಲ್ಲೇ ಹೋಗಿ ಕಾಯಿಸ್ಕೊಳ್ಳಿ,” ಅಂದೆ. ಎಲ್ಲರೂ ನಕ್ಕರು. ಒಮ್ಮೆ ನಕ್ಕ ಗುಂಪು ಆಮೇಲೆ ಅಷ್ಟಾಗಿ ಜಗಳ ಆಡುವುದಿಲ್ಲ. ನನಗೆ ಸ್ವಲ್ಪ ಧೈರ್ಯ ಬಂತು.

ಹೋಟೆಲಿನ ಒಡತಿ ಸುಮಿಯಾತಿ ಅನ್ನುವ ಐವತ್ತರ ಹೆಂಗಸು. ಚಳಿಗೆ ಒಂದು ಸಾರಂಗನ್ನು ಹೆಗಲ ಸುತ್ತ ಹೊದ್ದು ಗಂಟು ಹಾಕಿದ್ದಳು. ಸಾರಂಗ್ ಅಂದರೆ ನಮ್ಮ ಲುಂಗಿಯಂಥದ್ದೇ. ಎಲ್ಲರೂ ಅವಳನ್ನು ‘ಇಬು’ ಅನ್ನುತ್ತಿದ್ದರು. ಅವರ ಭಾಷೆಯಲ್ಲಿ ಅಮ್ಮ ಎಂದರ್ಥ. ನರಸಮ್ಮ ಮಾತ್ರ ಮೊದಲ ಗಳಿಗೆಯಿಂದಲೇ ಅವಳನ್ನು ಸುಮತಿ ಮಾಡಿಬಿಟ್ಟಿದ್ದರು.

ಊಟಕ್ಕೆ ಕೂತಾಗ ನರಸಮ್ಮ ನನ್ನ ಪಕ್ಕ ಬಂದರು. “ಸುಜಾತಾ, ಇಲ್ಲಿ ಅಕ್ಕಿ ಅಂಗ್ಡಿ ಎಲ್ಲೈತೆ? ಒಂದೂಕಾಲು ಸೇರು ಬೇಕಿತ್ತು. ಫಾರಿನ್‌ಗೆ ಕಾಳುಕಡ್ಡಿ ತರಂಗಿಲ್ಲ ಅಂತ ನೀನೇ ಹೇಳಿದ್ದಲ್ಲ, ಅದ್ಕೇ ತಂದಿಲ್ಲ.”

“ಅಕ್ಕಿ ಯಾಕಮ್ಮಾ?”

“ಯಾಕೆ ಅಂದ್ರೆ? ಅಮ್ಮಂಗೆ ಮಡಿಲಕ್ಕಿ ಕೊಡಕ್ಕೆ. ನಾಳೆ ಗುಡಿ ಬಾಗ್ಲು ಎಷ್ಟೊತ್ತಿಗೆ ತೆಗೀತಾರೆ?”

“ಯಾವ ಅಮ್ಮ?”

“ಅಯ್, ಇಷ್ಟು ದೂರ ಕರ್ಕಂಬಂದು ಯಾವ ಅಮ್ಮ ಅಂತೀಯಲ್ಲೇ! ಜ್ವಾಲಾಮುಖಮ್ಮ!”

ಮೇಜಿನ ಆ ತುದಿಯಲ್ಲಿ ಇಬ್ಬರು ಕಿಸಕ್ಕನೆ ನಕ್ಕರು. ನಾನು ಅವರತ್ತ ಬಿಟ್ಟ ಕಣ್ಣಿಗೆ ಆ ನಗು ಅಲ್ಲೇ ಇಂಗಿತು.

ಆಮೇಲೆ ನರಸಮ್ಮ ಹೇಳಿದ್ದು ಇದು. ಮೂರು ವರ್ಷದ ಹಿಂದೆ ಗೂಡು ಬೇಯಿಸುವ ಒಲೆಯಿಂದ ಕಿಡಿ ಹಾರಿ ಅವರ ಶೆಡ್ಡಿಗೆ ಬೆಂಕಿ ಬಿದ್ದಿತ್ತು. ತುಂಬು ಬಸುರಿ ಸೊಸೆ ಒಳಗಿದ್ದಳು. ಹೊರಗೆ ನಿಂತ ನರಸಮ್ಮನವರ ಬಾಯಿಗೆ ಮನೆದೇವರ ಹೆಸರೂ ಬರಲಿಲ್ಲ. ಅವರಜ್ಜಿ ಒಲೆ ಹಚ್ಚುವಾಗ ಹೇಳುತ್ತಿದ್ದ ‘ಜ್ವಾಲಾಮುಖೀ ತಾಯಿ’ ಅನ್ನುವ ಹೆಸರೊಂದೇ ಬಂತಂತೆ. “ನನ್ ಸೊಸೇನ ಬಿಟ್ಟುಕೊಡವ್ವಾ, ನಿನ್ ಹತ್ರ ಬಂದು ಮಡಿಲು ತುಂಬಿಸ್ತೀನಿ” ಎಂದು ಕೂಗಿಕೊಂಡರಂತೆ. ಸೊಸೆ ಹೊಗೆಯಲ್ಲಿ ತಡವರಿಸುತ್ತಾ ಹೊರಗೆ ಬಂದಳು. ಒಂದು ಕೂದಲೂ ಸುಟ್ಟಿರಲಿಲ್ಲ. ವಾರದಲ್ಲಿ ಹೆಣ್ಣು ಮಗು ಹುಟ್ಟಿತು. ಆದರೆ ಯಾವ ಅಮ್ಮನಿಗೆ ಹರಕೆ ಹೊತ್ತರೋ ಅವಳು ಎಲ್ಲಿದ್ದಾಳೆ ಎಂದು ಊರಲ್ಲಿ ಯಾರಿಗೂ ಗೊತ್ತಿಲ್ಲ. ಉತ್ತರದ ಕಡೆ ಒಂದು ಗುಡಿ ಇದೆ ಅಂದವರು ಯಾರೂ ಕರೆದುಕೊಂಡು ಹೋಗಲಿಲ್ಲ. ಹಾಗಿರುವಾಗ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಫ್ಲೆಕ್ಸು ಕಂಡಿತು.

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಬೆಳಗಾದರೆ ಬಾಗಿಲು, ಗರ್ಭಗುಡಿ, ಮೂರ್ತಿ ಹುಡುಕುವ ಹೆಂಗಸಿಗೆ ಸುಳ್ಳು ಹೇಳುವುದು ಹೇಗೆ? ನಿಜವನ್ನೇ ಹೇಳಿದೆ. “ಅಮ್ಮಾ, ಜ್ವಾಲಾಮುಖಿ ಅಂದ್ರೆ ಇಲ್ಲಿ ಬೆಂಕಿ ಕಕ್ಕೋ ಬೆಟ್ಟ. ನೀವು ಕೇಳಿದ ಗುಡಿ ಹಿಮಾಚಲದಲ್ಲಿದೆ. ಮುಂದಿನ ವರ್ಷ ನಾನೇ ಕರ್ಕೊಂಡ್ಹೋಗ್ತೀನಿ.”

ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ಮುಂದಿನ್ ವರ್ಷ ಈ ಮಂಡಿ ನನ್ ಮಾತು ಕೇಳ್ಬೇಕಲ್ಲ ಸುಜಾತಾ,” ಅಂದರು. ಬೈದಿದ್ದರೆ ಚೆನ್ನಾಗಿತ್ತು, ಬೈಸಿಕೊಂಡು ಅಭ್ಯಾಸವಿದೆ. ಆ ಮಾತು ನನಗೆ ನುಂಗಲಾರದ ಬಿಸಿತುಪ್ಪವಾಯಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಮಿಯಾತಿ ಸರಿಸಿದ ತಟ್ಟೆಯನ್ನು ನೋಡಿ ಗಾಬರಿಯಾದಳು. ಅನ್ನ ಸರಿಯಾಗಿಲ್ಲವೇನೋ ಅಂದುಕೊಂಡಳು. ನಯಾಜ್ ಸಾಬರು ಎದ್ದು ಬೆಳಗಿನ ಗುಡ್ಡಕ್ಕೆ ಗೊತ್ತುಮಾಡಿದ್ದ ಜೀಪಿನ ಡ್ರೈವರನ್ನು ಕರೆದರು. ಅವನಿಗೆ ಇಂಗ್ಲಿಷ್ ಬರುತ್ತಿತ್ತು. ನಾನು ಹೇಳಿದೆ, ಅವನು ಅವರ ಭಾಷೆಗೆ ತಿರುಗಿಸಿದ. ಬೆಂಕಿ, ಸೊಸೆ, ಹರಕೆ, ಎಲ್ಲ.

ಸುಮಿಯಾತಿ ಒಂದೇ ಉಸಿರಿಗೆ ಏನೇನೋ ಹೇಳತೊಡಗಿದಳು. ಡ್ರೈವರು ನನ್ನತ್ತ ತಿರುಗಿ ನಕ್ಕ. ಈ ಬೆಟ್ಟದ ಸುತ್ತಿನ ಜನ ತಲೆತಲಾಂತರದಿಂದ ಹಿಂದೂಗಳಂತೆ. ಬೆಟ್ಟದ ಬುಡದಲ್ಲೇ ಅವರ ಗುಡಿ. ಹಿಂದೆ ಮಕ್ಕಳಿಲ್ಲದ ಗಂಡ ಹೆಂಡತಿ ಈ ಬೆಟ್ಟಕ್ಕೇ ಬೇಡಿಕೊಂಡು ಮಕ್ಕಳನ್ನು ಪಡೆದರಂತೆ. ಅಂದಿನಿಂದ ಅಕ್ಕಿ, ತರಕಾರಿ, ಹೂವು, ಕೋಳಿ, ಬೆಳೆದದ್ದನ್ನೆಲ್ಲ ತಂದು ಬೆಂಕಿಯ ಬಾಯಿಗೆ ಹಾಕುತ್ತಾರಂತೆ. “ಇಬು ಕೇಳ್ತಿದಾರೆ, ಅಷ್ಟು ದೂರದ ನಿಮ್ಮೂರಿನಲ್ಲಿ ನಮ್ಮ ಬೆಟ್ಟದ ವಿಷಯ ಹೇಗೆ ಗೊತ್ತಾಯ್ತು ಅಂತ!”

ಇದನ್ನು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ನರಸಮ್ಮನವರ ಮುಖ ನೋಡಬೇಕಿತ್ತು. “ಹೇಳಿದ್ನಾ ಇಲ್ವಾ! ಬೆಟ್ಟ ಅಂತೆ ಬೆಟ್ಟ. ಬೆಟ್ಟ ಆದ್ರೆ ಅಮ್ಮ ಅಲ್ವೇನೇ?” ಎಂದು ನನ್ನ ತೊಡೆಗೊಂದು ಗುದ್ದಿ ತಟ್ಟೆಯನ್ನು ಮತ್ತೆ ಎಳೆದುಕೊಂಡರು. ಅಕ್ಕಿಯನ್ನು ಸುಮಿಯಾತಿ ತನ್ನ ಡಬ್ಬಿಯಿಂದಲೇ ಅಳೆದು ಕೊಟ್ಟಳು, ತೆಂಗಿನಕಾಯಿಯನ್ನೂ ಹುಡುಕಿ ತಂದಳು. ನಾಳೆ ತಾನೂ ಜೊತೆಗೆ ಬರುವೆನೆಂದಳು. ಬಟ್ಟೆಯ ಚೀಲ ಆಗ ಬಿಚ್ಚಿತು: ಅರಿಶಿನ, ಕುಂಕುಮ, ಹಸಿರು ಬಳೆ, ಅವರದೇ ನೂಲಿನ ರವಿಕೆ ಕಣ.

ಬೆಳಗಿನ ಜಾವ ಜೀಪುಗಳಲ್ಲಿ ಎದುರು ಗುಡ್ಡ ಹತ್ತಿದೆವು. ಬರೀ ಮಂಜು. ಸೂರ್ಯೋದಯ ತೋರಿಸುತ್ತೇನೆಂದು ಕರೆತಂದವಳಿಗೆ ಮಂಜಿಗಿಂತ ದೊಡ್ಡ ಶತ್ರುವಿಲ್ಲ. ಒಳಗೊಳಗೇ ಎಲ್ಲ ದೇವರನ್ನೂ ಬೈಯುತ್ತಿದ್ದೆ. ಆಮೇಲೆ ಗಾಳಿ ಎದ್ದಿತು, ಪೂರ್ವ ಕೆಂಪಾಯಿತು, ಮಂಜು ಕೆಳಗಿಳಿದು ಕಣಿವೆಯಲ್ಲಿ ಹಾಸಿಕೊಂಡಿತು. ಸೂರ್ಯ ತಲೆ ಎತ್ತಿದ್ದೇ ತಡ, ವಿಜಯಪುರದವರು ಹಾಕಿದ ಶಿಳ್ಳೆಗೆ ಪಕ್ಕದ ವಿದೇಶಿಯರು ಬೆಚ್ಚಿಬಿದ್ದರು. ನಯಾಜ್ ಸಾಬರು “ಯಾ ಅಲ್ಲಾ, ಕ್ಯಾ ನಜಾರಾ!” ಎಂದು ಜೊತೆಗೆ ಬಂದಿದ್ದ ಹೆಂಡತಿಯ ಕೈ ಹಿಡಿದುಕೊಂಡರು. ನನಗೂ ಕಣ್ಣು ತುಂಬಿತು, ಸಂಬಳ ತೆಗೆದುಕೊಂಡು ಇಂಥದ್ದನ್ನು ನೋಡುವ ಪುಣ್ಯ ಎಷ್ಟು ಜನಕ್ಕಿದೆ! ಎಲ್ಲರ ಮುಖ ಪೂರ್ವಕ್ಕಿದ್ದರೆ ನರಸಮ್ಮನವರದು ಮಾತ್ರ ದಕ್ಷಿಣಕ್ಕೆ. ಅಲ್ಲಿ ಬ್ರೋಮೋ ಬೆಳ್ಳನೆಯ ಹೊಗೆ ಬಿಡುತ್ತಾ ಕೂತಿತ್ತು. “ಎಂಥಾ ಅಮ್ಮನೇ ಇದು,” ಎಂದು ಕೆನ್ನೆಕೆನ್ನೆ ಬಡಿದುಕೊಂಡರು.

ಗುಡ್ಡ ಇಳಿದು ಬೂದಿ ಮರಳಿನ ಬಯಲಿಗೆ ಬಂದೆವು. ನರಸಮ್ಮ ಅಲ್ಲಿನ ಬಾಡಿಗೆ ಕುದುರೆ ಹತ್ತಿದರು. ಅದೇನು ಸಡಗರ! “ಮದ್ವೆ ಗಂಡಿಗೂ ಈ ಭಾಗ್ಯ ಇಲ್ಲ ಕಣೇ” ಎಂದು ದಾರಿಯುದ್ದಕ್ಕೂ ನಕ್ಕರು. ಕೊನೆಗೆ ಕಡಿದಾದ ಮೆಟ್ಟಿಲು. ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದು ಸುಮಿಯಾತಿಯ ಹೆಗಲ ಮೇಲೆ ಇಟ್ಟು, ಕೂತು ಎದ್ದು ಹತ್ತಿದರು. ದೂರದ ಬೆಟ್ಟ ನುಣ್ಣಗೆ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಮೇಲೆ ಬೆಂಕಿಯ ಬಾಯಿಯ ಅಂಚಿನಲ್ಲೇ ಒಂದು ಕಲ್ಲಿನ ಗಣಪತಿ. “ನೋಡಿದ್ರಾ, ಮಗ ಆಗ್ಲೇ ಬಂದು ಬಾಗ್ಲಲ್ಲಿ ಕೂತವ್ನೆ!” ಎಂದರು ನರಸಮ್ಮ. ಅವರಿಗೆ ಇನ್ನು ಯಾವ ಸಂಶಯವೂ ಉಳಿಯಲಿಲ್ಲ.

ಕೆಳಗೆ ನೋಡಿದರೆ ಆಳದಲ್ಲಿ ಬಿರುಕು, ಹೊಗೆ, ಪಟಾಕಿ ಹೊಡೆದ ಬೀದಿಯಂಥ ಗಂಧಕದ ವಾಸನೆ. ಸುಮಿಯಾತಿ ಕೈಮುಗಿದು, ಅಕ್ಕಿಯ ಗಂಟನ್ನು ತೋರಿಸಿ, ಎಸೆಯುವಂತೆ ಕೈಬೀಸಿ ತೋರಿಸಿದಳು.

ನರಸಮ್ಮ ಹಿಂದಕ್ಕೆ ಸರಿದರು. “ಎಸಿಯಾದಾ? ಮಡಿಲಕ್ಕೀನ ಯಾರಾದ್ರೂ ಎಸೀತಾರಾ? ಮಡಿಲಿಗೆ ಹಾಕ್ಬೇಕು. ಅವ್ಳು ಒಂದು ಹಿಡಿ ವಾಪಸ್ ಹಾಕ್ಬೇಕು. ಇಲ್ದಿದ್ರೆ ಕೊಟ್ಟಂಗಲ್ಲ.”

ನಮ್ಮ ಮನೆಗಳಲ್ಲಿ ಹಾಗೇ ತಾನೆ? ಮಡಿಲು ತುಂಬಿಸಿಕೊಂಡವಳು ಅದರಲ್ಲೇ ಒಂದು ಹಿಡಿಯನ್ನು ಕೊಟ್ಟವಳಿಗೆ ಹಿಂತಿರುಗಿಸುತ್ತಾಳೆ, ಈ ಮನೆಯೂ ತುಂಬಿರಲಿ ಎಂದು. ಅದನ್ನು ಕೇಳಿ ಪಡೆಯುವಂತಿಲ್ಲ. ಆದರೆ ಈ ಬೆಂಕಿಯ ಬಾಯಿಗೆ ಮಡಿಲೆಲ್ಲಿ, ಕೈಯೆಲ್ಲಿ? ಇಷ್ಟು ದೂರ ಬಂದು, ಮಂಡಿ ಸವೆಸಿ ಹತ್ತಿ, ಹರಕೆ ಒಂದು ಮಾರು ದೂರದಲ್ಲಿ ನಿಂತುಬಿಟ್ಟಿತು. ಅವರ ಕಣ್ಣಲ್ಲಿ ನೀರು ತುಂಬಿತು. ಜೊತೆಗೇ ಹತ್ತಿ ಬಂದಿದ್ದ ಡ್ರೈವರಿಗೆ ಹೇಗೋ ಹೇಳಿದೆ: ಎಸೆಯುವಂತಿಲ್ಲ, ಹೆಂಗಸಿನ ಮಡಿಲಿಗೇ ಹಾಕಬೇಕು. ಹಿಡಿ ಅಕ್ಕಿಯ ಮಾತು ಎತ್ತುವಷ್ಟರಲ್ಲಿ ನರಸಮ್ಮ ನನ್ನ ಕೈ ಬಿಗಿಯಾಗಿ ಅದುಮಿದರು. ಸುಮ್ಮನಾದೆ.

ಸುಮಿಯಾತಿ ಕೇಳಿಸಿಕೊಂಡಳು. ಒಂದು ಗಳಿಗೆ ಹೊಗೆಯನ್ನೇ ನೋಡಿದಳು. ಆಮೇಲೆ ಹೆಗಲ ಸಾರಂಗ್ ಬಿಚ್ಚಿ, ಬೆಂಕಿಯ ಬಾಯಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತು, ಅದನ್ನು ಮಡಿಲಲ್ಲಿ ಅಗಲವಾಗಿ ಹರಡಿದಳು.

ನರಸಮ್ಮ ಅವಳ ಹಣೆಗೆ ಕುಂಕುಮವಿಟ್ಟರು, ಕೆನ್ನೆಗೆ ಅರಿಶಿನ ಸವರಿದರು, ಬಳೆ ತೊಡಿಸಿದರು. ಕಣ, ಕಾಯಿ, ಆಮೇಲೆ ಬೊಗಸೆ ಬೊಗಸೆ ಅಕ್ಕಿ. ಮುಗಿಸಿ ಸೆರಗೊಡ್ಡಿ ನಿಂತರು, ಬಾಯಿ ಬಿಡಲಿಲ್ಲ. ಸುಮಿಯಾತಿ ಕಣ್ಣು ಮುಚ್ಚಿ ಏನೋ ಗೊಣಗಿದಳು. ಕಣ್ಣು ತೆರೆದು ಮಡಿಲು ನೋಡಿಕೊಂಡಳು, ನರಸಮ್ಮನವರ ಮುಖ ನೋಡಿದಳು. ಆಮೇಲೆ, ಯಾರೂ ಹೇಳದೆಯೇ, ಒಂದು ತುಂಬು ಹಿಡಿ ಅಕ್ಕಿ ತೆಗೆದು ಆ ಸೆರಗಿಗೆ ಹಾಕಿದಳು.

ನರಸಮ್ಮ ಜೋರಾಗಿ ಅತ್ತುಬಿಟ್ಟರು. ಸುಮಿಯಾತಿಯನ್ನು ಎಬ್ಬಿಸಿ ಅಪ್ಪಿಕೊಂಡರು. ಉಳಿದ ಅಕ್ಕಿಯನ್ನು ಅವಳೇ ಅಂಚಿಗೆ ಹೋಗಿ ಕೆಳಕ್ಕೆ ಸುರಿದಳು. ಆ ಹೊತ್ತಿಗೇ ಬೆಟ್ಟದ ಹೊಟ್ಟೆಯೊಳಗಿಂದ ಗುಡುಗುಡು ಸದ್ದು ಬಂತು. ಅಲ್ಲಿ ಅದು ದಿನವಿಡೀ ಬರುವ ಸದ್ದು, ನನಗೆ ಗೊತ್ತು.

“ಅಕ್ಕಾ, ಕೇಳಿಸ್ತಾ? ಅಮ್ಮ ಉಂಡು ತೇಗಿದ್ರು!” ಎಂದರು ನಯಾಜ್ ಸಾಬರು. ಅಳುತ್ತಿದ್ದ ನರಸಮ್ಮ ನಗಲು ಶುರುಮಾಡಿದವರು ಮೆಟ್ಟಿಲಿಳಿಯುವವರೆಗೂ ನಿಲ್ಲಿಸಲಿಲ್ಲ.

ಹೋಟೆಲಿಗೆ ಬಂದದ್ದೇ, “ಸುಮತೀ, ಕಾಫಿ!” ಎಂದು ಕೂಗಿದರು. ಹರಕೆ ತೀರುವವರೆಗೂ ಕಾಫಿ ಮುಟ್ಟುವುದಿಲ್ಲವೆಂದು ಮೂರು ವರ್ಷದಿಂದ ಬಿಟ್ಟಿದ್ದರಂತೆ, ನಮಗಾರಿಗೂ ಹೇಳಿರಲಿಲ್ಲ. ಆ ಕಪ್ಪು ಕಾಫಿಯನ್ನು ಮೂರು ಲೋಟ ಕುಡಿದರು. ಹಿಡಿ ಅಕ್ಕಿಯನ್ನು ಅಡುಗೆಮನೆಯಲ್ಲಿ ಬೇಯಿಸಿ ಬೆಲ್ಲ ಹಾಕಿಸಿ ಎಲ್ಲರಿಗೂ ಒಂದೊಂದು ತುತ್ತು ಕೊಟ್ಟರು. ನಯಾಜ್ ಸಾಬರು ಎರಡನೇ ತುತ್ತಿಗೂ ಕೈಯೊಡ್ಡಿದರು.

“ಅವ್ಳು ವಾಪಸ್ ಹಾಕ್ದೆ ಹೋಗಿದ್ರೆ ಏನ್ಮಾಡ್ತಿದ್ರಿ? ನಾನು ಒಂದು ಮಾತು ಹೇಳಿಸ್ತಿದ್ದೆ, ನೀವು ಬಿಡ್ಲಿಲ್ಲ,” ಅಂದೆ.

“ಹೇಳಿಸಿದ್ರೆ ಸುಮತಿ ಕೊಡ್ತಿದ್ಲು. ಹೇಳ್ದೆ ಕೊಟ್ಳಲ್ಲ, ಅದು ಅಮ್ಮ ಕೊಟ್ಟಿದ್ದು,” ಎಂದು ಲೋಟ ಮುಂದಕ್ಕೆ ಚಾಚಿದರು.

ಅದಾದ ಮೇಲೂ ನಿವೃತ್ತಿಯವರೆಗೆ ಹಲವು ಗುಂಪುಗಳನ್ನು ಹಲವು ದೇಶಗಳಿಗೆ ಕರೆದೊಯ್ದೆ. ಆ ಪ್ರವಾಸದವರೆಗೆ ಹೆಸರು ಬರೆಸಲು ಬಂದವರಿಗೆ ಯಾವ ದಿನ ಏನೇನು ತೋರಿಸುತ್ತೇವೆಂದು ಗಿಣಿಪಾಠ ಒಪ್ಪಿಸುತ್ತಿದ್ದವಳು, ಆಮೇಲೆ ಮೊದಲು ಕುರ್ಚಿ ಹಾಕಿ ಕೂರಿಸಿ, “ನೀವು ಯಾಕೆ ಹೊರಟಿದ್ದೀರಿ?” ಎಂದು ಕೇಳತೊಡಗಿದೆ. ಹೆಚ್ಚಿನವರು “ಸುಮ್ನೆ, ನೋಡಕ್ಕೆ” ಅನ್ನುತ್ತಿದ್ದರು. ಎಲ್ಲೋ ಒಬ್ಬರು ಮಾತ್ರ ಕೈಯಲ್ಲಿನ ಚೀಲವನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ಅವರಿಗೆ ಒಂದು ಲೋಟ ಕಾಫಿ ತರಿಸಿ, ಅವರು ಬಾಯಿ ಬಿಡುವವರೆಗೂ ನಾನು ಸುಮ್ಮನೆ ಕೂತಿರುತ್ತಿದ್ದೆ.