ಹದಿನೇಳನೇ ನಂಬರಿನ ಬ್ರೆಡ್ಡು

ಬ್ರೆಡ್ಡು ಬೇಯಿಸಿ ಬದುಕುವವನಿಗೆ ಬ್ರೆಡ್ಡು ಮುಟ್ಟಬೇಡ ಎನ್ನಲು ಮನಸ್ಸಾದರೂ ಹೇಗೆ ಬರುತ್ತದೋ! ಆದರೆ ಕಣ್ಣಿನ ಡಾಕ್ಟರಮ್ಮ ಮುಖ ನೋಡಿ ಹೇಳಿಯೇಬಿಟ್ಟರು. ಸಕ್ಕರೆ ಕಾಯಿಲೆ ಕಣ್ಣಿಗೆ ಬಂದಿದೆ, ಬಲಗಣ್ಣಿನ ಒಳಪದರ ಊದಿಕೊಂಡಿದೆ. ಔಷಧಿಯ ಕೆಲಸ ಔಷಧಿ ಮಾಡುತ್ತದೆ, ಬಾಯಿ ಕಟ್ಟುವ ಕೆಲಸ ನಿಮ್ಮದು. ಬ್ರೆಡ್ಡು, ಅನ್ನ, ಆಲೂಗಡ್ಡೆ, ಸಿಹಿ, ಎಲ್ಲ ಬಿಡಿ. ಮೊಟ್ಟೆ, ಕೋಸು, ಸೊಪ್ಪು, ಸೌತೆಕಾಯಿ, ಒಂದು ಹಿಡಿ ಕಡಲೆಬೀಜ, ಇಷ್ಟರಲ್ಲೇ ಸುಧಾರಿಸಿಕೊಳ್ಳಿ. ಹೀಗೇ ಬಿಟ್ಟರೆ ಇನ್ನೊಂದು ವರ್ಷದಲ್ಲಿ ಒಲೆಯ ಬಾಗಿಲು ಎಲ್ಲಿದೆ ಎಂದು ತಡಕಾಡಬೇಕಾದೀತು.

ಬೇಕರಿಯಲ್ಲಿ ಅವನನ್ನು ಬನ್ನಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಒಲೆಯ ಮುಂದೆ ನಿಂತು, ರುಚಿ ನೋಡುವ ನೆಪದಲ್ಲಿ ದಿನಕ್ಕೆ ಅರ್ಧ ಬ್ರೆಡ್ಡು ಇಳಿಸಿದವನು ಗುಂಡಗಾಗದೆ ಇನ್ನೇನಾದಾನು? ಆ ಹೆಸರಿಗೆ ಅವನು ಎಂದೂ ಬೇಸರ ಪಟ್ಟುಕೊಂಡವನಲ್ಲ. ಅವನ ಪಾಳಿ ಬೆಳಿಗ್ಗೆ ಹತ್ತರಿಂದ. ಸಂಜೆ ಕೆಲಸ ಮುಗಿಸಿ ಮನೆಗೆ ಹೋಗುವ ಜನರ ಕೈಗೆ ಬಿಸಿ ಬ್ರೆಡ್ಡು ಸಿಗುವಂತೆ ಮಾಡುವುದೇ ಅವನ ಕೆಲಸ. ಒಲೆಯೊಳಗೆ ಬ್ರೆಡ್ಡಿನ ಬಣ್ಣ ತಿರುಗುವ ಗಳಿಗೆಯನ್ನು ಹಿಡಿಯಬೇಕು. ಅದನ್ನು ಗಡಿಯಾರ ಹೇಳುವುದಿಲ್ಲ, ಕಣ್ಣು ಹೇಳಬೇಕು. ಆ ಕಣ್ಣು ಹೋದರೆ ಬನ್ನಣ್ಣನೂ ಹೋದ ಹಾಗೆಯೇ.

ಅವತ್ತು ಮನೆಗೆ ಬಂದವನು ಅಡುಗೆಮನೆಯ ಸ್ಟೂಲಿನ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತ. ಹೆಂಡತಿ ಎಲ್ಲ ಕೇಳಿಸಿಕೊಂಡಳು. ಡ್ರೈಕ್ಲೀನಿಂಗ್ ಅಂಗಡಿಯ ಒಳಕೋಣೆಯಲ್ಲಿ ದಿನವಿಡೀ ನಿಂತು ಇಸ್ತ್ರಿ ಮಾಡುವವಳು ಅವಳು. ಅವಳಿಗೆ ಯಾವ ಕಾಯಿಲೆಯೂ ಇರಲಿಲ್ಲ.

"ನೀವೊಬ್ರೇ ಯಾಕ್ರೀ ಬಿಡ್ಬೇಕು? ನಾನೂ ಬಿಡ್ತೀನಿ," ಎಂದಳು. "ಇವತ್ತಿಂದ ನೀವು ತಿನ್ನದೇ ಇರೋದನ್ನ ನಾನೂ ಬಾಯಿಗೆ ಹಾಕಲ್ಲ."

"ನಿನಗೇನಾಗಿದೆ? ಕಲ್ಲು ತಿಂದು ಕರಗಿಸೋಳು ನೀನು."

"ನೀವು ಎದುರಿಗೆ ಕೂತು ಕೋಸು ಅಗೀತಿದ್ರೆ ನನಗೆ ಬ್ರೆಡ್ಡು ಗಂಟಲಲ್ಲಿ ಇಳಿಯುತ್ತಾ? ಒಳ್ಳೆ ಕಥೆ."

ಅಷ್ಟು ಹೇಳಿ ಬ್ರೆಡ್ಡಿನ ಡಬ್ಬಿ ಖಾಲಿ ಮಾಡಿ, ತೊಳೆದು, ಒರೆಸಿ, ಅದರೊಳಗೆ ಈರುಳ್ಳಿ ತುಂಬಿಟ್ಟಳು. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಅವನಿಗೆ ಹೆಂಡತಿಯ ಮೇಲೆ ಅಷ್ಟು ಪ್ರೀತಿ ಉಕ್ಕಿದ್ದು ಅದೇ ಮೊದಲಿರಬೇಕು. ಈರುಳ್ಳಿಯ ನೆಪ ಹೇಳಿ ಕಣ್ಣೊರೆಸಿಕೊಂಡ.

ಬೇಕರಿಯವರೂ ಕೈಬಿಡಲಿಲ್ಲ. ಹಿಟ್ಟು ಕಲಸುವವನು, ಹತ್ತು ವರ್ಷದಿಂದ ಜೊತೆಗಿದ್ದವನು, "ಇನ್ಮೇಲೆ ರುಚಿ ನೋಡೋದು ನನ್ನ ಕೆಲಸ, ಅಣ್ಣ. ನಿಮ್ಮ ನಾಲಿಗೆ ನಾನು," ಎಂದು ಘೋಷಿಸಿಬಿಟ್ಟ. ಒಲೆಯಿಂದ ಇಳಿದ ಪ್ರತಿ ಸರದಿಯ ಬ್ರೆಡ್ಡಿನಿಂದ ಒಂದು ತುಂಡು ಮುರಿದು, ಕಣ್ಣು ಮುಚ್ಚಿ ಅಗಿದು, ಉಪ್ಪು ಒಂದು ಕೂದಲೆಳೆ ಕಮ್ಮಿ, ಹುಳಿ ಸರಿಯಾಗಿದೆ ಎಂದು ವರದಿ ಒಪ್ಪಿಸುತ್ತಿದ್ದ. ಕೌಂಟರಿನಲ್ಲಿ ಕೂರುವಾಕೆ ಬನ್ನಣ್ಣನ ಮನೆಯ ಕೆಳಗಿನ ಮಹಡಿಯವಳು. ನಾಲ್ಕು ಗಂಟೆಗೆ ಸರಿಯಾಗಿ ಎರಡು ಬೇಯಿಸಿದ ಮೊಟ್ಟೆ ತಂದಿಟ್ಟು, ಅವನು ತಿಂದು ಮುಗಿಸುವವರೆಗೂ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು.

ಹಾಗಂತ ಅದೇನು ಹೂವಿನ ದಾರಿಯಾಗಿರಲಿಲ್ಲ. ದಿನವಿಡೀ ಆ ಘಮದಲ್ಲೇ ನಿಂತು ಬಾಯಿ ಕಟ್ಟುವುದೆಂದರೆ ಶತ್ರುವಿಗೂ ಬೇಡ. ಮೊದಲ ತಿಂಗಳು ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಕನಸಿನಲ್ಲೂ ಬ್ರೆಡ್ಡೇ. ಬೆಳಿಗ್ಗೆ ಎದ್ದು ನಾಚಿಕೆಯಿಂದ ಹೆಂಡತಿಗೆ ಹೇಳುತ್ತಿದ್ದ.

"ನನಗೂ ಬಂದಿತ್ತು ಕಣ್ರೀ," ಎನ್ನುತ್ತಿದ್ದಳು ಅವಳು. "ಬೆಣ್ಣೆ ಬೇರೆ ಹಚ್ಚಿಕೊಂಡಿದ್ದೆ."

ಇಬ್ಬರೂ ನಗುತ್ತಿದ್ದರು. ತನಗಾಗಿ ಇವಳೂ ಹಸಿದಿದ್ದಾಳೆ ಎಂಬ ಆ ಒಂದು ಮಾತನ್ನು ಹಿಡಿದುಕೊಂಡು ಅವನು ಆ ದಿನವನ್ನು ದಾಟುತ್ತಿದ್ದ. ಎಷ್ಟೋ ಸಲ ಬಿಸಿ ತುಂಡು ತುಟಿಯವರೆಗೆ ಬಂದದ್ದಿದೆ. ಇಸ್ತ್ರಿಯ ಹಬೆಯಲ್ಲಿ ಬರೀ ಸೌತೆಕಾಯಿ ತಿಂದು ನಿಂತಿರುವ ಹೆಂಡತಿ ನೆನಪಾಗಿ, ತುಂಡು ಹಾಗೇ ಕೆಳಗಿಳಿಯುತ್ತಿತ್ತು.

ಆ ಹೊತ್ತಿನಲ್ಲೇ ಹದಿನೇಳನೇ ನಂಬರು ಬಂತು. ದಿನವೂ ತಪ್ಪದೆ ಬ್ರೆಡ್ಡು ಬೇಕೆನ್ನುವವರಿಗೆ ಆ ಬೇಕರಿಯಲ್ಲಿ ಒಂದೊಂದು ನಂಬರು. ಹೆಸರು, ವಿಳಾಸ ಎಲ್ಲ ಕೌಂಟರಿನಲ್ಲೇ ಉಳಿಯುತ್ತದೆ. ಒಲೆಯ ಮನೆಯ ಕರಿಹಲಗೆಯ ಮೇಲೆ ನಂಬರು ಮತ್ತು ಬೇಡಿಕೆ ಮಾತ್ರ. ಒಂದು ದಿನ ಹೊಸದಾಗಿ ಬರೆದಿತ್ತು: ಹದಿನೇಳು, ಸಣ್ಣದು ಒಂದು, ಚೆನ್ನಾಗಿ ಕೆಂಪಗೆ.

ಬನ್ನಣ್ಣನಿಗೆ ಹಿಗ್ಗೋ ಹಿಗ್ಗು. ಜನಕ್ಕೆ ಬೆಳ್ಳಗೆ, ಮೆತ್ತಗೆ ಇರುವುದೇ ಬೇಕು. ಮೇಲುಪದರ ಗಾಢವಾಗಿ ಕೆಂಪಾಗಿ, ಹಲ್ಲಿಗೆ ಕಟುಮ್ ಎನ್ನುವ ಬ್ರೆಡ್ಡಿನ ಬೆಲೆ ಬಲ್ಲವರು ಎಷ್ಟು ಮಂದಿ? ಅವನಿಗೆ ಇಷ್ಟವಿದ್ದದ್ದು ಹಾಗೆಯೇ. ತಾನು ತಿನ್ನಲಾಗದ ಬ್ರೆಡ್ಡನ್ನು ಆ ಹದಿನೇಳನೆಯವರಿಗಾಗಿ ಮಾಡತೊಡಗಿದ. ಅದಕ್ಕೆ ಹಿಟ್ಟು ಬೇರೆ ತೆಗೆದಿಟ್ಟು, ಒಲೆಯ ಹಿಂದಿನ ಮೂಲೆಯಲ್ಲಿ ಜಾಗ ಹಿಡಿದು, ಕೊನೆಯ ನಾಲ್ಕು ನಿಮಿಷ ಕಣ್ಣು ಕೀಳದೆ ನೋಡುತ್ತಿದ್ದ. ಉಳಿದ ಬ್ರೆಡ್ಡುಗಳ ಮೇಲೆ ಬ್ಲೇಡಿನಿಂದ ಮೂರು ಗೀರು ಎಳೆದರೆ, ಅದೊಂದರ ಮೇಲೆ ಮಾತ್ರ ಗೋಧಿಯ ತೆನೆ ಕೊರೆಯುತ್ತಿದ್ದ, ಕಾಳು ಕಾಳೂ ಕೈಗೆ ಸಿಗುವ ಹಾಗೆ. ಯಾರೂ ಕೇಳಿರಲಿಲ್ಲ, ಅವನಿಗೆ ಅನ್ನಿಸಿತ್ತು, ಅಷ್ಟೆ.

"ಹದಿನೇಳನೆಯವರು ಏನಂದ್ರು?" ಎಂದು ಕೌಂಟರಿನಾಕೆಯನ್ನು ಕೇಳುತ್ತಿದ್ದ.

"ತುಂಬಾ ಚೆನ್ನಾಗಿದೆಯಂತೆ, ಅಣ್ಣ." ಅವಳು ಯಾಕೋ ಮೊಟ್ಟೆಯ ಸಿಪ್ಪೆ ಗುಡಿಸುವುದರಲ್ಲಿ ಮಗ್ನಳಾಗಿರುತ್ತಿದ್ದಳು.

ಈ ಸುದ್ದಿಯನ್ನು ಅವನು ಮನೆಗೆ ಹೊತ್ತು ತರುತ್ತಿದ್ದ. ತಟ್ಟೆಯಲ್ಲಿ ಕೋಸು ಕಲಸುತ್ತ, "ಆ ಹದಿನೇಳನೇ ನಂಬರಿನವರು ಯಾರೋ ಗೊತ್ತಿಲ್ಲ, ಆದ್ರೆ ಬ್ರೆಡ್ಡಿನ ಹದ ಗೊತ್ತಿರೋ ಮನುಷ್ಯ ಕಣೇ," ಎನ್ನುತ್ತಿದ್ದ. "ನಾನು ತಿನ್ಲಿಲ್ಲ ಅಂದ್ರೂ ಅವರು ತಿಂತಾರಲ್ಲ, ಒಂಥರಾ ಸಮಾಧಾನ. ಒಂದಿನ ಮುಖ ನೋಡ್ಬೇಕು."

"ನೋಡಿ ಏನ್ಮಾಡ್ತೀರಾ, ಸುಮ್ನೆ ಊಟ ಮಾಡಿ," ಎಂದು ಹೆಂಡತಿ ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದಳು. ಪಾಪ, ಬ್ರೆಡ್ಡಿನ ಮಾತೆತ್ತಿದರೆ ಇವಳಿಗೂ ಆಸೆಯಾಗುತ್ತದೆ ಎಂದುಕೊಂಡು ಅವನೂ ಸುಮ್ಮನಾಗುತ್ತಿದ್ದ.

ಹೀಗೆ ಏಳು ತಿಂಗಳು ಕಳೆಯಿತು. ಬನ್ನಣ್ಣನ ಬೆಲ್ಟಿಗೆ ಮೂರು ಹೊಸ ತೂತು ಬಿದ್ದವು. ಕಣ್ಣಿನ ತಪಾಸಣೆಗೆ ಮತ್ತೆ ದಿನ ಬಂತು, ಮಧ್ಯಾಹ್ನ ಎರಡಕ್ಕೆ. ಬೇಕರಿಯವರು ಇವತ್ತು ಬರಲೇಬೇಡಿ ಎಂದರು. ಅವನು ಕೇಳಲಿಲ್ಲ. ಬೆಳಿಗ್ಗೆಯೇ ಹೋಗಿ, ಹದಿನೇಳನೇ ನಂಬರಿನ ಬ್ರೆಡ್ಡೊಂದನ್ನು ಮಾಡಿಟ್ಟು, ತೆನೆ ಕೊರೆದು, ಬಣ್ಣ ತಿರುಗಿಸಿ ಆಮೇಲೆಯೇ ಏಪ್ರನ್ ಬಿಚ್ಚಿದ. ಪಾಪ, ಅವರು ಕಾಯುತ್ತಿರುತ್ತಾರಲ್ಲ.

ಡಾಕ್ಟರಮ್ಮ ಕಣ್ಣಿಗೆ ಹನಿ ಹಾಕಿ, ಬೆಳಕು ಬಿಟ್ಟು ನೋಡಿ, ರಕ್ತದ ಚೀಟಿ ನೋಡಿ, ಮತ್ತೆ ಕಣ್ಣು ನೋಡಿದರು. "ಊತ ಇಳಿದಿದೆ. ಸಕ್ಕರೆ ಹಿಡಿತಕ್ಕೆ ಬಂದಿದೆ. ಹೀಗೇ ಮುಂದುವರಿಸಿ. ಇಷ್ಟು ಕಟ್ಟುನಿಟ್ಟಾಗಿ ಪಥ್ಯ ಮಾಡುವವರು ಕಡಿಮೆ, ಹೇಗೆ ಸಾಧ್ಯವಾಯಿತು?" ಎಂದರು.

"ನಾನೊಬ್ನೇ ಅಲ್ಲ ಮೇಡಂ, ನನ್ನ ಹೆಂಡ್ತೀನೂ ಮಾಡಿದ್ದಾಳೆ," ಎಂದ ಬನ್ನಣ್ಣ. ಎದೆ ಅಗಲವಾಗಿತ್ತು.

ಹನಿ ಹಾಕಿದ ಕಣ್ಣಿಗೆ ರಸ್ತೆಯೆಲ್ಲ ಬಿಳೀ ಬೆಳಕು, ಮನುಷ್ಯರೆಲ್ಲ ನೆರಳು. ಒಬ್ಬನೇ ಮನೆಗೆ ಹೋಗುವುದು ಬೇಡವೆಂದು ಎರಡು ಬೀದಿಯಾಚೆಯ ಡ್ರೈಕ್ಲೀನಿಂಗ್ ಅಂಗಡಿಗೆ ಗೋಡೆ ಹಿಡಿದುಕೊಂಡೇ ಬಂದ. ದಾರಿಯುದ್ದಕ್ಕೂ ಹೆಂಡತಿಗೆ ಹೇಳುವ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದ: ಈ ಕಣ್ಣಿನಲ್ಲಿ ಅರ್ಧ ನಿನ್ನದು ಕಣೇ.

ಒಳಕೋಣೆಗೆ ಕಾಲಿಟ್ಟಾಗ ಹಬೆ ಮುಖಕ್ಕೆ ಬಡಿಯಿತು. "ಅಯ್ಯೋ, ಇದೇನ್ರೀ ನೀವು ಇಲ್ಲಿ!" ಎಂಬ ಹೆಂಡತಿಯ ದನಿ. ಏನನ್ನೋ ಸರಿಸಿದ ಸದ್ದು. ಅವಳ ನೆರಳು ಹತ್ತಿರ ಬಂತು. "ಏನಂದ್ರು ಡಾಕ್ಟ್ರು? ಏನೂ ಕಾಣ್ತಿಲ್ವಾ?"

"ಇವತ್ತು ರಾತ್ರಿವರೆಗೆ ಏನೂ ಕಾಣಲ್ಲ. ಆದ್ರೆ..." ಎಂದವನು ಅಲ್ಲಿಗೇ ನಿಂತ. ಹಬೆ, ಬಟ್ಟೆ, ಸೋಪು, ಎಲ್ಲದರ ನಡುವೆ ಒಂದು ವಾಸನೆ ಮೂಗಿಗೆ ಬಂತು. ಇಪ್ಪತ್ತಾರು ವರ್ಷದ ವಾಸನೆ. ಅವನ ಕೈ ತಾನಾಗಿಯೇ ಇಸ್ತ್ರಿ ಮೇಜಿನ ಮೇಲೆ ಹೋಯಿತು. ಮಡಚಿದ ಕೋಟುಗಳ ಹಿಂದೆ ಕಾಗದದ ಚೀಲ. ಚೀಲದೊಳಗೆ ಇಸ್ತ್ರಿಯ ಶಾಖಕ್ಕೆ ಇನ್ನೂ ಬೆಚ್ಚಗಿದ್ದ ಅರ್ಧ ಬ್ರೆಡ್ಡು. ಬೆರಳಿಗೆ ಮೊದಲು ಸಿಕ್ಕಿದ್ದು ತೆನೆಯ ದಂಟು, ಆಮೇಲೆ ಒಂದೊಂದೇ ಕಾಳು. ಉಳಿದರ್ಧ ತೆನೆ ಇರಲಿಲ್ಲ.

ತನಗೆ ಕಣ್ಣು ಕಾಣುತ್ತಿದ್ದರೆ ಅವಳು ಚೆನ್ನಾಗಿ ಬಚ್ಚಿಡುತ್ತಿದ್ದಳೇನೋ. ಅದೂ ಅವನಿಗೆ ಹೊಳೆಯದೇ ಇರಲಿಲ್ಲ.

"ಹದಿನೇಳು ನೀನಾ?" ಎಂದ.

ಇಸ್ತ್ರಿಪೆಟ್ಟಿಗೆ ಬುಸ್ಸೆಂದಿತು. ಅವಳು ಅದರ ಸ್ವಿಚ್ಚು ಆರಿಸಿದಳು. ಆಮೇಲೆ ಎಲ್ಲ ಒಟ್ಟಿಗೇ ಬಂತು. "ಮೂರನೇ ವಾರ ಇಲ್ಲೇ ತಲೆ ತಿರುಗಿ ಬಿದ್ದೆ ಕಣ್ರೀ. ಎಂಟು ಗಂಟೆ ನಿಂತಿರ್ಬೇಕಲ್ಲ. ನಮ್ಮ ಕೆಳಗಿನ ಮನೆಯವಳೇ, ನಿಮ್ಮ ಕೌಂಟರಿನವಳು, ಒಂದು ತುಂಡು ತಂದುಕೊಟ್ಟಳು. ಅವತ್ತೇ ಹೇಳ್ಬೇಕು ಅಂತಿದ್ದೆ. ನೀವು ಬಂದೋರೇ, ನಿನ್ನಿಂದಾನೇ ತಡ್ಕೊಂಡಿದ್ದೀನಿ ಅಂದ್ರಿ. ಬಾಯೇ ಬರ್ಲಿಲ್ಲ. ಆಮೇಲೆ ಅವಳೇ ಒಂದು ನಂಬರು ಹಾಕಿ ದಿನಾ ತಂದುಕೊಡೋಕೆ ಶುರು ಮಾಡಿದ್ಲು."

"ಹೇಳಿದ್ರೆ ನಾನೇನು ಬೇಡ ಅಂತಿದ್ನಾ? ನಾನೇ ಕೈಯಾರೆ ಮಾಡಿಕೊಡ್ತಿದ್ದೆ."

"ಮಾಡಿಕೊಟ್ಟಿದ್ದೀರಲ್ಲ," ಎಂದಳು ಅವಳು, ಅಳುತ್ತ.

ಬನ್ನಣ್ಣನ ಎದೆಯೊಳಗೆ ಏನೋ ಕುಸಿಯಿತು. ಬ್ರೆಡ್ಡು ತಿಂದದ್ದಕ್ಕಲ್ಲ. ಹಸಿದ ಹೊಟ್ಟೆ ತಿನ್ನದೆ ಇನ್ನೇನು ಮಾಡೀತು? ಅವನಿಗೆ ಚುಚ್ಚಿದ್ದು ಆ ಕನಸು. "ಬೆಣ್ಣೆ ಹಚ್ಚಿಕೊಂಡಿದ್ದೆ ಅಂತಿದ್ಯಲ್ಲ, ಅದೂ ಸುಳ್ಳಾ?" ಎಂದು ಕೇಳಿದ. ಕಾಗದದ ಚೀಲ ಮಡಚುವ ಸದ್ದು ಬಂತು. ತಾನು ಹದಿನೇಳನೆಯವರನ್ನು ಹಾಡಿ ಹೊಗಳುವಾಗ ಇವಳು ಒಲೆಯ ಕಡೆ ತಿರುಗಿದ್ದು ಆಸೆ ತಡೆಯಲಲ್ಲ, ಮುಖ ಮುಚ್ಚಿಕೊಳ್ಳಲು. ಕೌಂಟರಿನಾಕೆಗೆ ಗೊತ್ತು. ಹಿಟ್ಟು ಕಲಸುವವನಿಗೂ ಗೊತ್ತೇ ಇರಬೇಕು. ಎಲ್ಲರೂ ಸೇರಿ ಏಳು ತಿಂಗಳು ಕಿವಿಗೆ ಹೂವಿಟ್ಟಿದ್ದರು, ಇವನು ಆ ಹೂವು ಇಟ್ಟುಕೊಂಡೇ ಓಡಾಡಿದ್ದ.

ಊತ ಇಳಿದ ಸುದ್ದಿ ಹೇಳಲೇ ಇಲ್ಲ. ಸಂಜೆ ಮನೆಗೆ ಹೋಗಲು ರಸ್ತೆ ದಾಟಬೇಕಿತ್ತು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಬೇರೆ ದಾರಿಯಿಲ್ಲದೆ ಅವಳ ಕೈ ಹಿಡಿದ. ಅತ್ತ ದಡ ಸೇರಿದ ತಕ್ಷಣ ಬಿಟ್ಟ.

ಮರುದಿನ ಅವನು ಒಲೆಯ ಮನೆಗೆ ಬಂದಾಗ ಎಲ್ಲರ ಮುಖವೂ ನೆಲ ನೋಡುತ್ತಿತ್ತು. ಕರಿಹಲಗೆಯಲ್ಲಿ ಹದಿನಾರು, ಆಮೇಲೆ ಹದಿನೆಂಟು. ನಡುವೆ ಒರೆಸಿದ ಬಿಳಿ ಕಲೆ.

"ನಿಮ್ಮ ಒಳ್ಳೇದಕ್ಕೇ ಅಣ್ಣ..." ಎಂದು ಹಿಟ್ಟು ಕಲಸುವವನು ಬಾಯಿ ತೆರೆದ. "ಗೊತ್ತಾದ್ರೆ ನೀವೂ ಪಥ್ಯ ಬಿಟ್ಟುಬಿಡ್ತೀರಾ ಅಂತ..."

ಮೊದಲ ಸರದಿ ಹೊರಬಂದಿತ್ತು. ಬನ್ನಣ್ಣ ಒಂದು ಬ್ರೆಡ್ಡು ಎತ್ತಿ ಮುರಿದ. ಹಬೆ ಎದ್ದಿತು. ತುಂಡನ್ನು ಬಾಯಿಯ ಹತ್ತಿರ ತಂದ. ಯಾರಿಗಾಗಿ ಇನ್ನು ಬಾಯಿ ಕಟ್ಟಬೇಕು ಎಂದು ರಾತ್ರಿಯಿಡೀ ಕೇಳಿಕೊಂಡಿದ್ದ. ಬಾಗಿಲಲ್ಲಿ ನಿಂತಿದ್ದ ಕೌಂಟರಿನಾಕೆ ಉಸಿರು ಬಿಗಿಹಿಡಿದಳು. ಒಲೆಯ ಗಾಜಿನಾಚೆ ಎರಡನೇ ಸರದಿಯ ಬಣ್ಣ ತಿರುಗುತ್ತಿತ್ತು, ಅವನಿಗೆ ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಬಹಳ ದಿನಗಳ ಮೇಲೆ, ಬಲಗಣ್ಣಿಗೂ. ಅವನು ಆ ತುಂಡನ್ನು ಹಿಟ್ಟು ಕಲಸುವವನ ಕೈಗಿಟ್ಟ.

"ತಿಂದು ಹೇಳು. ನಿಜ ಹೇಳು," ಎಂದ.

ಆಮೇಲೆ ಸೀಮೆಸುಣ್ಣ ತೆಗೆದು ಹದಿನೇಳು ಎಂದು ತಾನೇ ಬರೆದ. ಬ್ರೆಡ್ಡು ಎಂದಿನಂತೆಯೇ ಮಾಡಿದ, ಸಣ್ಣದು, ಕೆಂಪಗೆ. ಕೌಂಟರಿನಾಕೆಯ ಕೈಯಲ್ಲೇ ಕಳಿಸಿದ.

ಸಂಜೆ ಹೆಂಡತಿ ಬಂದು ಎದುರಿಗೆ ಕೂತಳು. ಅವನ ತಟ್ಟೆಯಲ್ಲಿ ಕೋಸು, ಮೊಟ್ಟೆ. ಅವಳೂ ಅದನ್ನೇ ಬಡಿಸಿಕೊಳ್ಳಲು ಹೋದಾಗ, "ನಿನಗೆ ಬೇಕಾದ್ದು ತಿನ್ನು. ನನ್ನ ಮುಂದೇನೇ ತಿನ್ನು," ಎಂದ. ದನಿ ಮೆತ್ತಗಿತ್ತು. ಅವಳಿಗೆ ಸ್ವಲ್ಪ ಧೈರ್ಯ ಬಂದಿರಬೇಕು.

"ಬ್ರೆಡ್ಡು ಕಳಿಸಿದ್ರಿ," ಎಂದಳು. "ಆದ್ರೆ ಇವತ್ತು ಅದರ ಮೇಲೆ ತೆನೆ ಇರ್ಲಿಲ್ಲ. ಬರೀ ಮೂರು ಗೀರಿತ್ತು."

"ತೆನೆ ಹದಿನೇಳನೇ ನಂಬರಿನವರಿಗೆ ಹಾಕ್ತಿದ್ದೆ," ಎಂದ ಬನ್ನಣ್ಣ ತಟ್ಟೆ ನೋಡುತ್ತಲೇ. "ಅವರು ಈಗಿಲ್ಲ."

ಆಮೇಲೆ ಕೋಸು ಕಲಸಿಕೊಂಡು, ಒಬ್ಬನೇ ಊಟ ಮಾಡಿ ಮುಗಿಸಿದ.