ಗುಡ್ಡದ ಮೇಲಿನ ಕುಳಿನೀರು

ಬಾಟಲಿ ನೀರು ಉಳಿಯಲಿ ಎಂದು ನಾವು ಆರೂ ಗೆಳತಿಯರು ಊಟದ ಕೈಗಳನ್ನು ಬಂಡೆಯ ಕುಳಿಯಲ್ಲಿದ್ದ ತಿಳಿನೀರಿಗೆ ಅದ್ದಿ ತೊಳೆದೆವು. ಯುಗಾದಿಗೆ ಮುಂಚಿನ ಭಾನುವಾರ, ಮುತ್ತುಗದ ಹೂ ನೋಡಲೆಂದು ಬಸವನ ಬಾಗೇವಾಡಿಯಿಂದ ಬಂದು ಆಲಮಟ್ಟಿ ಕಡೆಯ ಗುಡ್ಡಗಳನ್ನು ಹತ್ತಿಳಿಯುತ್ತಿದ್ದೆವು. ಮಳೆಯಿಲ್ಲದ ದಿನಗಳಲ್ಲಿ ಅಷ್ಟು ಮೇಲೆ ನೀರು ಎಲ್ಲಿಂದ ಬಂತೆಂದು ಒಬ್ಬಳೂ ಯೋಚಿಸಲಿಲ್ಲ.

ಅಷ್ಟರಲ್ಲಿ ಕುರಿ ಕಾಯುವ ಮುದುಕಿಯೊಬ್ಬಳು ತಲೆಯ ಮೇಲೆ ಕೊಡ ಹೊತ್ತು, ಏದುಸಿರು ಬಿಡುತ್ತ ಬಂದಳು. ಕುಳಿಯಲ್ಲಿ ತೇಲುತ್ತಿದ್ದ ಚಟ್ನಿಯ ಎಣ್ಣೆ ನೋಡಿ ಕೊಡವನ್ನು ಕೆಳಗಿಳಿಸಿದಳು. ಬಂಡೆಯ ನೆರಳಲ್ಲಿ, ಮುರಿದ ಕಾಲಿಗೆ ಬಟ್ಟೆಯ ಕಟ್ಟು ಹಾಕಿದ ಕುರಿಯೊಂದು ಮಲಗಿದ್ದದ್ದು ಆಗ ನನ್ನ ಕಣ್ಣಿಗೆ ಬಿತ್ತು.

"ಅಯ್ಯ ಆಯಿ, ಇದು ಕುರಿ ಕುಡಿಯೂ ನೀರೇನ?" ಎಂದೆ.

"ಹೌದವಾ. ಅದಕ್ಕ ಕೆಳಗ ಇಳಿಯಾಕ ಆಗಂಗಿಲ್ಲ. ಇರ್ಲಿ ಬಿಡ್ರಿ, ನಿಮಗೇನ್ ಗೊತ್ತ," ಎಂದವಳು ಆ ನೀರನ್ನೆಲ್ಲ ತೋಡಿ ಚೆಲ್ಲಿ, ಸೆರಗಿನಿಂದ ಕುಳಿ ಒರೆಸಿದಳು. ಕೊಡ ಬಗ್ಗಿಸುವ ಮೊದಲು ನಮ್ಮತ್ತ ತಿರುಗಿದಳು. "ಬಿಸಲಾಗ ಬಂದೀರಿ. ಮೊದಲ ನೀವು ಕುಡೀರಿ."

ನಮ್ಮ ಬಾಟಲಿಗಳ ನೀರನ್ನೆಲ್ಲ ಕುಳಿಗೆ ಸುರಿದೆವು. ಆಮೇಲೆ ನಾನು ಅವಳ ಕೊಡಕ್ಕೆ ಬೊಗಸೆಯೊಡ್ಡಿದೆ. ಬೊಗಸೆಯಲ್ಲಿ ಕುಡಿಯಲು ತಲೆ ಬಗ್ಗಿಸಲೇಬೇಕು. ನನ್ನ ಮುಖ ಅವಳಿಗೆ ಕಾಣದಿದ್ದದ್ದೇ ಒಳ್ಳೆಯದಾಯಿತು.