ಅಂಕಲ್ ಅಳೆದಿದ್ದರು

ಶನಿವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಹಣೆಯ ಮೇಲೊಂದು, ಮೂಗಿನ ಮೇಲೊಂದು ಕನ್ನಡಕ ಇಟ್ಟುಕೊಂಡೇ ಅಂಕಲ್ ಬೇಸ್‌ಮೆಂಟಿನ ಮೆಟ್ಟಿಲು ಹತ್ತಿ ಓಡಿದರು. ಮೇಲೆ ಆಂಟಿಯ ಒಗ್ಗರಣೆಗೆ ಸ್ಮೋಕ್ ಅಲಾರಂ ಬಡಿದುಕೊಳ್ಳುತ್ತಿತ್ತು. "ತಮ್ಮಾ, ಕೈ ಕಟ್ಕೊಂಡ ಕೂಡು," ಎಂದರು, ಹೋಗುವಾಗ. ನಾನು ಗೋಡೆಯ ಗಡಿಯಾರ ನೋಡಿದ್ದು ಆಗಲೇ. ಮುಂದಿನ ನಾಲ್ಕು ನಿಮಿಷಗಳಿಂದ ನಾನಿನ್ನೂ ಪೂರ್ತಿ ಹೊರಗೆ ಬಂದಿಲ್ಲ.

ಅಂಕಲ್ ಧಾರವಾಡದವರು. ಬೆಂಗಳೂರಿನ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಕೆಲಸ ಕಲಿತು, ನ್ಯೂಜೆರ್ಸಿಯಲ್ಲಿ ಮಾತ್ರೆ ತಯಾರಿಸುವ ಯಂತ್ರಗಳನ್ನು ನೋಡಿಕೊಂಡು ನಿವೃತ್ತರಾದವರು. ಈ ದೇಶಕ್ಕೆ ಬಂದ ಮೊದಲ ವರ್ಷ ನಾನು ಓಲ್ಡ್ ಬ್ರಿಡ್ಜ್‌ನ ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಹತ್ತಿರದ ಮೆಟುಚೆನ್‌ಗೆ ಮನೆ ಬದಲಿಸಿದ ಮೇಲೂ ಶನಿವಾರದ ಊಟ ಅಲ್ಲಿಯೇ.

ಅವರಿಗೆ ಪಿಸ್ತೂಲಿನಿಂದ ಗುರಿ ಹೊಡೆಯುವ ಹವ್ಯಾಸ. ಹೊಡೆಯುವುದಕ್ಕಿಂತ ಹೆಚ್ಚಿನ ಖುಷಿ, ಹೊಡೆದ ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬಿ ಬಾಯಿಗೆ ಹೊಸ ಗುಂಡು ಕೂರಿಸುವುದರಲ್ಲಿ. ಅದಕ್ಕೆ ಬೆಂಚಿನ ಮೇಲೊಂದು ಕೈ ಪ್ರೆಸ್ಸು, ಪ್ರೆಸ್ಸಿನ ತಲೆಯಲ್ಲಿ ಗುಂಡನ್ನು ಒತ್ತಿ ಕೂರಿಸುವ ಡೈ. ಗುಂಡು ತೋಟಾದೊಳಗೆ ಎಷ್ಟು ಇಳಿಯಬೇಕೆಂಬುದು ಡೈಯ ನೆತ್ತಿಯ ತಿರುಪನ್ನು ಅವಲಂಬಿಸಿದೆ. ಒಂಚೂರು ಹೆಚ್ಚು ಇಳಿದರೂ ಒಳಗೆ ಮದ್ದಿಗೆ ಜಾಗ ಸಾಲದೆ, ಸಿಡಿಯುವಾಗಿನ ಒತ್ತಡ ಬಂದೂಕನ್ನೇ ಒಡೆಯಬಹುದು. ಹಾಗಾಗಿ ಅಂಕಲ್ ಸ್ನಾನ ಮಾಡಿಯೇ ಬೆಂಚಿಗೆ ಕೂರುತ್ತಿದ್ದರು. ರೇಡಿಯೋ ಇಲ್ಲ, ಫೋನ್ ಮೇಲಿನ ಮನೆಯಲ್ಲೇ. ಆಯುಧಪೂಜೆಗೆ ಪ್ರೆಸ್ಸಿಗೂ ಉದ್ದ ಅಳೆಯುವ ಕ್ಯಾಲಿಪರ್‌ಗೂ ಕುಂಕುಮ. ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವುದು, ಒಂದು ತೋಟಾ ಮಾಡುವುದು, ಅಳೆಯುವುದು, ಮತ್ತೆ ಕೂದಲೆಳೆಯಷ್ಟು. "ನಿಮ್ಮ ಮೈಸೂರು ಮಂದಿ ಉಪ್ಪಿಟ್ಟಿಗೆ ಉಪ್ಪು ಹಾಕಿಧಂಗ ಅಲ್ಲಪಾ ಇದು," ಎಂದು ನನ್ನನ್ನು ಕಾಡುತ್ತಿದ್ದರು.

ನಾನು ಅದನ್ನು ಮುಟ್ಟುವಂತಿರಲಿಲ್ಲ. ಕೆಲಸದ ವೀಸಾದವನು ಬಂದೂಕಿಗಾಗಲಿ ತೋಟಾಕ್ಕಾಗಲಿ ಕೈ ಹಾಕಿದರೆ ಕಾನೂನಿಗೆ ವಿರುದ್ಧ. "ಗ್ರೀನ್ ಕಾರ್ಡ್ ಬರಲಿ, ನಾನ ಕಲಸ್ತೀನಿ. ಅಲ್ಲೀತನಕ ನೋಡು," ಎನ್ನುತ್ತಿದ್ದರು. ಎರಡು ವರ್ಷ ನೋಡಿದೆ.

ಆ ದಿನ ಅವರು ಡೈ ಹೊಂದಿಸಿ, ಮೂರು ತೋಟಾ ಮಾಡಿ ಅಳೆದು, ತಲೆಯಾಡಿಸಿ, ತಿರುಪು ಅಲುಗದಂತೆ ಲಾಕ್ ನಟ್ ಬಿಗಿಯಬೇಕು ಎನ್ನುವಷ್ಟರಲ್ಲಿ ಅಲಾರಂ ಬಡಿಯಿತು. ಅವರು ಮೇಲೆ ಹೋದ ಮೇಲೆ ನಾನು ತಿರುಪಿಗೆ ಬೆರಳಿಟ್ಟೆ. ಎಷ್ಟು ನಯವಾಗಿ ತಿರುಗುತ್ತದೆಂದು ನೋಡುವ ಆಸೆ, ಅಷ್ಟೇ. ತಿರುಗಿತು. ಮೇಲೆ ಹೆಜ್ಜೆ ಸದ್ದಾದಾಗ ಅಂದಾಜಿನ ಮೇಲೆ ವಾಪಸ್ ತಿರುಗಿಸಿದೆ.

ಅಂಕಲ್ ಟವೆಲಿನಿಂದ ಮುಖ ಒರೆಸುತ್ತಾ ಬಂದು ಬೆಂಚನ್ನು ನೋಡಿದರು. "ಕೈ ಹಚ್ಚೀಯೇನು?"

"ಇಲ್ಲ ಅಂಕಲ್."

ಹಚ್ಚಿದ್ದೇನೆ ಎಂದಿದ್ದರೆ ಬೈದು, ಮತ್ತೆ ಅಳೆಯುತ್ತಿದ್ದರು. ಹತ್ತು ನಿಮಿಷದ ಕೆಲಸ. ನನ್ನ ಮಾತನ್ನು ನಂಬಿ ನಟ್ ಬಿಗಿದು, ಇಪ್ಪತ್ತು ತೋಟಾ ತುಂಬಿದರು.

ಮಧ್ಯಾಹ್ನ ಗುರಿ ಹೊಡೆಯುವ ರೇಂಜಿನಲ್ಲಿ ನಾನು ಅವರ ಹಿಂದೆ, ನೋಡುವವರ ಗೆರೆಯಾಚೆ ನಿಂತಿದ್ದೆ. ಮೊದಲ ಮೂರು, ಅವರು ಅಳೆದಿದ್ದವು, ಸರಿಯಾಗಿಯೇ ಹೋದವು. ಆಮೇಲಿನದ್ದರ ಸದ್ದೇ ಬೇರೆ. ಪಿಸ್ತೂಲಿನ ಹಿಡಿ ಸೀಳಿಹೋಗಿ, ಚೂರುಗಳು ಹಾರಿದವು. ಅವರ ಅಂಗೈಯಿಂದ ಮೊಣಕೈಗೆ ರಕ್ತ ಇಳಿಯುತ್ತಿತ್ತು. ರಕ್ಷಣಾ ಕನ್ನಡಕದ ಬಲಗಾಜಿನಲ್ಲಿ, ಸರಿಯಾಗಿ ಕಣ್ಣಿನ ಎದುರು, ಲೋಹದ ಚೂರೊಂದು ನೆಟ್ಟುಕೊಂಡಿತ್ತು. ಅವರು ಮೊದಲು ಹಿಂದೆ ತಿರುಗಿ ಕೇಳಿದ್ದು, "ತಮ್ಮಾ, ನಿನಗ ಪೆಟ್ಟಾಗಿಲ್ಲಲ್ಲ?"

ಅಂಗೈಗೆ ಹನ್ನೊಂದು ಹೊಲಿಗೆ. ಮನೆಗೆ ಬಂದು, ಎಡಗೈಯಲ್ಲೇ ಉಳಿದ ತೋಟಾಗಳನ್ನು ಅಳೆದರು. ಎಲ್ಲವೂ ಗಿಡ್ಡ. ಕ್ಯಾಲಿಪರ್ ಒರೆಸಿ ಮತ್ತೊಮ್ಮೆ ಅಳೆದರು. "ನಾ ಅಳದಿದ್ದೆ. ಛಲೋತ್ನಾಗ ನೆನಪದ ನನಗ," ಎಂದರು. ಆಮೇಲೆ, "ಅಳದಿದ್ದೆನಲ್ಲೋ?" ಎಂದು ನನ್ನನ್ನೇ ಕೇಳಿದರು.

ಪೊಲೀಸು, ವಕೀಲರು, ವೀಸಾ ರದ್ದು, ವಿಮಾನ, ಎಲ್ಲ ಒಂದೇ ಕ್ಷಣದಲ್ಲಿ ಕಣ್ಣ ಮುಂದೆ ಬಂದವು. "ನಾನು ಸರಿಯಾಗಿ ನೋಡಲಿಲ್ಲ ಅಂಕಲ್," ಎಂದೆ. ಅದು ಎರಡನೆಯ ಸುಳ್ಳು. ಮೊದಲನೆಯದಕ್ಕಿಂತ ಕೆಟ್ಟದ್ದು.

ಅಂದಿನಿಂದ ಅವರು ತಮ್ಮ ತಲೆಯನ್ನೇ ನಂಬುವುದನ್ನು ಬಿಟ್ಟರು. ಪ್ರೆಸ್ಸನ್ನು ಯಾರಿಗೋ ಕೊಟ್ಟುಬಿಟ್ಟರು. ಕಾರಿನ ಕೀಲಿಯನ್ನು ತಾವೇ ಆಂಟಿಯ ಕೈಗಿಟ್ಟರು. ಆಂಟಿಗೆ ಹೈವೇ ಎಂದರೆ ಭಯ, ಹಾಗಾಗಿ ಜ್ಞಾಪಕಶಕ್ತಿಯ ಪರೀಕ್ಷೆಗೆ ಅವರನ್ನು ಡ್ರೈವ್ ಮಾಡಿಕೊಂಡು ಹೋದವನು ನಾನೇ. ಡಾಕ್ಟರು ಏನೂ ತೊಂದರೆಯಿಲ್ಲ ಎಂದರು. "ಶುರುವಿನಾಗ ಅವರಿಗೂ ತಿಳಿಯೂದಿಲ್ಲ," ಎಂದರು ಅಂಕಲ್, ಬರುವಾಗ. "ನಾ ಒಂದ ಮಾತು ಎರಡು ಸಲ ಹೇಳಿದ್ರ ನೀ ನನಗ ಹೇಳಬೇಕು. ಆಂಟಿ ಹೇಳೂದಿಲ್ಲ, ಅಳತಾಳ."

"ಆಯ್ತು ಅಂಕಲ್," ಎಂದೆ.

ಎಂಟು ತಿಂಗಳು ಹೀಗೆ ಕಳೆಯಿತು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತಿತ್ತು, ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಶನಿವಾರ ಮಾತ್ರ ತಪ್ಪದೆ ಹೋಗಿ ಊಟ ಮಾಡುತ್ತಿದ್ದೆ. ಒಂದು ಶನಿವಾರ ಊಟದ ಮೇಜಿನ ಮೇಲೆ ಅವರ ಪುಟ್ಟ ನೋಟ್‌ಬುಕ್ ತೆರೆದು ಬಿದ್ದಿತ್ತು. "ಸ್ಟೋವ್ ಆರಿಸಿದೆ." "ಬಾಗಿಲು ಹಾಕಿದೆ, ಎರಡು ಸಲ ನೋಡಿದೆ." "ಬಿಪಿ ಗುಳಿಗೆ ತಗೊಂಡೆ, ಮನಿಯಾಕಿನ್ನ ಕೇಳಿ ಖಾತ್ರಿ ಮಾಡಿಕೊಂಡೆ." ಪುಟದ ತುಂಬ, ಟೂಲ್‌ರೂಮಿನಲ್ಲಿ ಪಳಗಿದ ದುಂಡು ಅಕ್ಷರ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟೆ. ಅಲ್ಲೇ ಎಲ್ಲವನ್ನೂ ಹೇಳಿದೆ.

ಅಂಕಲ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಎಷ್ಟು ತಿರುವಿದಿ?" ಎಂದರು.

"ಒಂದು ಸುತ್ತು ಇರಬಹುದು. ವಾಪಸ್ ತಿರುಗಿಸಿದ್ದು ಅರ್ಧವೇನೋ."

ಅವರ ತುಟಿ ಅಲುಗಿತು. ಲೆಕ್ಕ ಹಾಕುತ್ತಿದ್ದರು. ಒಮ್ಮೆಲೇ ಎದ್ದು ಅಡುಗೆಮನೆಯ ಕಡೆ ಕೂಗಿದರು: "ಏ, ಇಲ್ಲಿ ಬಾ! ಕೇಳಿಲ್ಲೆ! ನಾ ಅಳದಿದ್ದೆ! ಖರೇನ ಅಳದಿದ್ದೆ!" ಅವರ ಮುಖದಲ್ಲಿದ್ದದ್ದು ಸಿಟ್ಟಲ್ಲ, ಸಂತೋಷ. ಅದನ್ನು ನೋಡುವುದಕ್ಕಿಂತ ಹೊಡೆತ ತಿನ್ನುವುದೇ ಸುಲಭವಿತ್ತು. ಆಂಟಿ ಬಂದು ನಿಂತು, ಸಂಗತಿ ಅರ್ಥವಾದ ಮೇಲೆ ಒಂದೇ ಮಾತು ಹೇಳಿದರು: "ಎಂಟು ತಿಂಗಳು ನನ್ನ ಕೈಲೆ ಉಂಡೀಯಲ್ಲೋ."

"ಇನ್ನ ಮನಿಗೆ ನಡಿ," ಎಂದರು ಅಂಕಲ್.

ಹೋದೆ. ಐದು ವಾರ ಫೋನಿಲ್ಲ. ನಾನು ಮಾಡಿದರೆ ಎತ್ತುವವರಿಲ್ಲ. ಆರನೆಯ ವಾರ, ಒಂದು ಭಾನುವಾರ ಮಧ್ಯಾಹ್ನ, ನನ್ನ ಅಪಾರ್ಟ್‌ಮೆಂಟಿನ ಎದುರು ಹಾರ್ನ್ ಕೇಳಿತು. ಅಂಕಲ್ ಒಬ್ಬರೇ ಕಾರಿನಲ್ಲಿದ್ದರು. ಇಂಜಿನ್ ಆರಿಸಲಿಲ್ಲ, ಇಳಿಯಲಿಲ್ಲ. ಕಿಟಕಿಯನ್ನು ಅರ್ಧ ಇಳಿಸಿದರು.

"ಒಳಗೆ ಬನ್ನಿ ಅಂಕಲ್," ಎಂದೆ.

"ನಿನ್ನ ನೋಡ್ಲಿಕ್ಕೆ ಬಂದಿಲ್ಲ. ಹೈವೇ ಮ್ಯಾಲೆ ಒಬ್ಬನ ಬರ್ಲಿಕ್ಕೆ ಆಗತದೇನು ನೋಡ್ಲಿಕ್ಕೆ ಬಂದೆ." ರಸ್ತೆಯನ್ನೇ ನೋಡುತ್ತಿದ್ದರು. "ಆತು. ಒಂದ ಎಕ್ಸಿಟ್ಟೂ ತಪ್ಪಲಿಲ್ಲ."

ಕಿಟಕಿ ಮೇಲೇರಿತು. ಕಾರು ರೈಲ್ವೆ ಸೇತುವೆಯ ಕೆಳಗೆ ಮರೆಯಾಗುವವರೆಗೂ ರಸ್ತೆಯಲ್ಲೇ ನಿಂತಿದ್ದೆ. ಅವರು ನನ್ನನ್ನು ಕ್ಷಮಿಸಿಲ್ಲ, ನಾನು ಕೇಳಿಯೂ ಇಲ್ಲ. ಆ ಭಾನುವಾರ ರಾತ್ರಿ ಮಲಗಿದವನು ಬೆಳಕು ಹರಿಯುವವರೆಗೂ ಏಳಲಿಲ್ಲ.